ಹಳದಿ ಬಸ್ಸಿಗೆ ತಂತಿ ಎಳೆದವರು

ನಮ್ಮ ಓಣಿಯ ತುದಿಯಲ್ಲಿ, ಬೇವಿನ ಗಿಡದಿಂದ ಸ್ವಲ್ಪ ಈಚೆಗೆ, ಹಳದಿ ಬಣ್ಣದ ಒಂದು ಹಳೆಯ ಶಾಲೆ ಬಸ್ಸು ನಿಂತಿದೆ. ಬದಿಯಲ್ಲಿ ಶಾಲೆಯ ಹೆಸರು ಕೆರೆದು ತೆಗೆದ ಗುರುತು ಇನ್ನೂ ಕಾಣುತ್ತದೆ. ಕಿಟಕಿಗಳಿಗೆ ಸೀರೆಯ ಪರದೆ, ನೆತ್ತಿಯ ಮೇಲೆ ಸೋಲಾರ್ ಹಲಗೆಗಳು. ಉದ್ದನೆಯ ಕೋಲಿಗೆ ಬಟ್ಟೆ ಕಟ್ಟಿಕೊಂಡು ಆಗಾಗ ಆ ಹಲಗೆಗಳ ಧೂಳು ಒರೆಸುವುದು ಈಗ ನನ್ನ ಪಾಲಿಗೆ ಬಂದಿರುವ ಕೆಲಸ.

ಆ ಬಸ್ಸನ್ನು ಮನೆ ಮಾಡಿದವರು ತೀರಿಕೊಂಡು ಬಹಳ ದಿನವಾಗಿಲ್ಲ. ಅವರ ಹೆಸರು ಬರೆಯುವುದಿಲ್ಲ. ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ಕಾಕಾ, ಅವರ ಹೆಂಡತಿ ಕಾಕು. ನಾನು ಬನಹಟ್ಟಿಗೆ ಸೊಸೆಯಾಗಿ ಬಂದ ದಿನದಿಂದ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವರ ಮಗ್ಗ, ಈ ಕಡೆ ನಮ್ಮ ಮಗ್ಗ. ಎರಡೂ ಕಡೆ ಮೋಟರು ತಿರುಗಿದರೆ ಅಡುಗೆಮನೆಯ ಡಬ್ಬಿಗಳು ಮಾತಾಡುತ್ತಿದ್ದವು.

ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ, ಅಂದು ಶಿವ ಕೊಟ್ಟದ್ದನ್ನು ನೆನೆಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ನಳಕ್ಕೆ ನೀರು ಬಂತು, ರೊಟ್ಟಿ ಹರಿಯಲಿಲ್ಲ, ಯಾರ ಬಾಯಿಂದಲೂ ಕೆಟ್ಟ ಮಾತು ಬರಲಿಲ್ಲ. ಇಂಥವೇ ಸಣ್ಣ ಸಣ್ಣ ಕೃಪೆಗಳು. ಅತ್ತೆ ಕಲಿಸಿಕೊಟ್ಟ ರೂಢಿ ಇದು, ಒಳ್ಳೆಯದೆಂದೇ ನಡೆಸಿಕೊಂಡು ಬಂದೆ. ಕಾಕಾನ ವಿಷಯ ಬರೆಯಲು ಕುಳಿತರೆ ಮಾತ್ರ ಆ ರೂಢಿಯ ನೆನಪಿಗೇ ಮುಖ ಕೆಂಪಾಗುತ್ತದೆ.

ಕಾಕಾ ಎತ್ತರದ ಆಳು. ಧೋತರದ ಮೇಲೆ ಅರ್ಧ ತೋಳಿನ ಅಂಗಿ, ಹಣೆ ತುಂಬ ವಿಭೂತಿ, ಅಂಗಿಯ ಕಿಸೆಯಲ್ಲಿ ಪೆನ್ನಿನ ಜಾಗದಲ್ಲಿ ಒಂದು ಟೆಸ್ಟರ್. ಯಾರ ಮನೆಗೆ ಹೋದರೂ ಚಹಾ ಬರುವಷ್ಟರಲ್ಲಿ ಎದ್ದು ಹೋಗಿ ಗೋಡೆಯ ಪ್ಲಗ್ಗಿಗೆ ಟೆಸ್ಟರ್ ಚುಚ್ಚಿ ನೋಡುವವರು. "ನಿಮ್ಮನಿಗೆ ಅರ್ಥಿಂಗ್ ಬರೋಬ್ಬರಿ ಇಲ್ಲವಾ ತಾಯಿ," ಎನ್ನುವರು. ಅರ್ಥಿಂಗ್ ಎಂದರೇನು ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅದು ಇದ್ದರ ಗೊತ್ತಾಗಂಗಿಲ್ಲ, ಇಲ್ಲದಿದ್ದರ ಗೊತ್ತಾಕ್ಕತಿ. ಹೇಂತಿ ಇದ್ಹಂಗ," ಎಂದು ತಾವೇ ಜೋರಾಗಿ ನಕ್ಕರು. ಒಳಗಿನಿಂದ ಕಾಕು, "ಇದ್ದಾಗ ಗೊತ್ತಾಗಂಗಿಲ್ಲ ಅಂತ ತಾವ ಹೇಳ್ಯಾರ, ಕೇಳಿದಿ ಇಲ್ಲ ಯವ್ವಾ?" ಎಂದು ಕೂಗಿದರು.

ಅವರಿಗೆ ಕರೆಂಟಿನ ವಿದ್ಯೆ ಬರುತ್ತಿತ್ತೆಂದು ಹೇಳಿದರೆ ಸುಳ್ಳಾದೀತು. ಮಗ್ಗದ ಮಾಲಕರಿಗೆ ಬರುವಷ್ಟು ಬರುತ್ತಿತ್ತು. ಮೋಟರಿಗೆ ವೈರ್ ಸೇರಿಸುವುದು, ಸ್ಟಾರ್ಟರ್ ಬಿಚ್ಚಿ ಉಪ್ಪುಕಾಗದ ತಿಕ್ಕುವುದು, ಫ್ಯೂಜ್ ಹೋದರೆ ತಂತಿ ಸುತ್ತುವುದು. ಈ ಕೊನೆಯ ಕೆಲಸ ನಮ್ಮೂರಲ್ಲಿ ಹೆಂಗಸರಿಗೂ ಬರುತ್ತದೆ. ಫ್ಯೂಜಿಗೆ ಹಾಕಬೇಕಾದದ್ದು ಕೂದಲಿನಂಥ ತಂತಿ. ಅದು ಪದೇಪದೇ ಸುಟ್ಟುಹೋದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಸೀರೆ ನಿಲ್ಲುತ್ತದೆ. ಅದಕ್ಕೇ ನಮ್ಮ ಕಡೆ ದಪ್ಪ ತಾಮ್ರದ ತಂತಿಯನ್ನು ಎರಡು ಸುತ್ತು ಸುತ್ತಿ ಕೈ ತೊಳೆದುಕೊಳ್ಳುತ್ತಾರೆ. "ಮಗ್ಗ ನಿಂದ್ರಬಾರದು" ಎನ್ನುವುದು ನಮ್ಮ ಓಣಿಯಲ್ಲಿ ಮಂತ್ರದಂಥ ಮಾತು. ಕಾಕಾ ಅದನ್ನು ದಿನಕ್ಕೆ ಹತ್ತು ಸಲ ಹೇಳುವವರು.

ಅವರ ನಾಲ್ಕೂ ಮಗ್ಗ ಪಡಸಾಲೆಯಲ್ಲಿದ್ದವು. ಅಲ್ಲೇ ಬಾಗಿಲ ಹತ್ತಿರ ಕಾಕು ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಮದುವೆಯಾಗಿ ಬಂದ ಹೊಸತರಿಂದ ತಲೆ ನೆರೆಯುವ ತನಕ ಅದೇ ಜಾಗ. ನೂಲಿನ ನವಿರು ಧೂಳು ಅವರ ಹುಬ್ಬಿನ ಮೇಲೆ, ಬೈತಲೆಯ ಕುಂಕುಮದ ಮೇಲೆ ಕೂತಿರುತ್ತಿತ್ತು. ಕೆಮ್ಮು ಬಂದಾಗ ಬೆಲ್ಲ ಮೆಣಸು ಅರೆದು ತಿನ್ನುತ್ತಿದ್ದರು. ನಾವೆಲ್ಲರೂ ಹಾಗೆಯೇ ತಿನ್ನುತ್ತೇವೆ. ಒಂದು ಚಳಿಗಾಲ ಅವರಿಗೆ ಮಾತಾಡಲೂ ಉಸಿರು ಸಾಲದಾಯಿತು. ಮುಧೋಳದ ಡಾಕ್ಟರು ನೋಡಿ, ನೂಲಿನ ಧೂಳು ಪುಪ್ಪುಸದಲ್ಲಿ ಕೂತುಬಿಟ್ಟಿದೆ, ಇನ್ನು ಆಮ್ಲಜನಕದ ಮಷೀನು ಹಚ್ಚಿಕೊಂಡೇ ಇರಬೇಕು ಎಂದರು.

ಆ ಮಷೀನು ಸಣ್ಣ ಕಪಾಟಿನಷ್ಟು ದೊಡ್ಡದು. ಗಾಳಿ ಎಳೆದುಕೊಂಡು, ಸೋಸಿ, ನಳಿಕೆಯಲ್ಲಿ ಮೂಗಿಗೆ ಬಿಡುತ್ತದೆ. ಸದಾ ಕರೆಂಟು ಬೇಕು. ಸುಮ್ಮನೆ ಕುಳಿತಿದ್ದರೆ ಕಾಕು ಅದಿಲ್ಲದೆ ಸ್ವಲ್ಪ ಹೊತ್ತು ತಾಳಬಲ್ಲರು, ಹೆಚ್ಚು ಹೊತ್ತಾದರೆ ತುಟಿ ನೀಲಿಯಾಗುತ್ತದೆ. ಹೀಗಾಗಿ ನಳಿಕೆ ಎಷ್ಟು ಉದ್ದವೋ ಅಷ್ಟೇ ಅವರ ಊರಾಯಿತು. ಒಲೆಯಿಂದ ಹೊಸ್ತಿಲ ತನಕ.

ಆ ವರ್ಷ ಪಂಚಮಿಗೆ ಅವರ ಅಣ್ಣ ಕರೆಯಲು ಬಂದರು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಎಷ್ಟೇ ವಯಸ್ಸಾಗಿರಲಿ, ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು. ಕಾಕುವಿನ ತವರು ಚಿಕ್ಕಪಡಸಲಗಿಯ ಹತ್ತಿರ, ಹೊಳೆಯ ದಂಡೆಯಲ್ಲಿ. ಆ ಮುದುಕ ಅಣ್ಣ ಹೊಸ್ತಿಲ ಆಚೆ ನಿಂತಿದ್ದ, ತಂಗಿ ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ಈಚೆ ನಿಂತಿದ್ದಳು. "ಈ ವರ್ಷ ಆಗೂದಿಲ್ಲ ಅಣ್ಣಾ, ಮುಂದಿನ ವರ್ಷ ನೋಡೂಣು," ಎಂದು ಉಂಡಿಯ ಗಂಟು ಕೊಟ್ಟು ಕಳಿಸಿದರು. ಮುಂದಿನ ವರ್ಷ ಎಂದು ಎಲ್ಲರೂ ಹೇಳುವ ಹಾಗೆಯೇ ಹೇಳಿದರು. ಕಾಕಾ ಮಗ್ಗದ ಹಿಂದೆ ನಿಂತು ನೋಡುತ್ತಿದ್ದರು.

ಅದಾದ ಮೇಲೆ ಅವರು ಮಗ್ಗಗಳನ್ನು ಒಂದೊಂದಾಗಿ ಮಾರಿದರು, ಯಾವುದೋ ಶಾಲೆಯವರು ಮೂಲೆಗೆ ಹಾಕಿದ್ದ ಈ ಬಸ್ಸನ್ನು ತಂದು ಓಣಿಯಲ್ಲಿ ನಿಲ್ಲಿಸಿದರು. "ಆಕೀ ಜೋಡಿ ಮಷೀನ್ ಹೋಗಬೇಕು, ಮಷೀನ್ ಜೋಡಿ ಕರೆಂಟ್ ಹೋಗಬೇಕು. ಹಂಗಾರ ಮನೀನ ಹೋಗಲಿ ಬಿಡು," ಎಂದರು.

ಓಣಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಕಾಕಾ ಬಸ್ಸು ಹತ್ತುವಾಗೆಲ್ಲ ಕಟ್ಟೆಯ ಮೇಲಿನವರು, "ಕಾಕಾ, ಯಾವ ಇಯತ್ತೆಗೆ ಹೆಸರ ಹಚ್ಚೀರಿ?" ಎಂದು ಕೂಗುವರು. ಕಾಕಾ ಮೆಟ್ಟಿಲ ಮೇಲಿಂದಲೇ, "ಒಂದನೇತ್ತಾ! ಫೇಲ್ ಆಗೇನಿ, ಮತ್ತ ಕೂಡಾಕತ್ತೇನಿ!" ಎನ್ನುವರು. ನಮ್ಮ ಮನೆಯವರು ಊಟಕ್ಕೆ ಕುಳಿತಾಗ, "ಮುದುಕಗ ಹುಚ್ಚ ಹಿಡದೈತಿ. ಮಗ್ಗ ಮಾರಿ ಯಾರರೆ ಬಸ್ಸಿಗೆ ಬಲ್ಬ್ ಹಾಕ್ತಾರೇನ?" ಎನ್ನುವರು. ನಾನೂ ನಗುತ್ತಿದ್ದೆ. ನಳದ ಹತ್ತಿರ ಹೋಗಿ ಉಳಿದವರಿಗೆ ಹೇಳಿ, ಅವರನ್ನೂ ನಗಿಸುತ್ತಿದ್ದೆ. ಕಾಕು ಗೋಡೆಯ ಆಚೆ ಇದ್ದಾರೆ, ಗೋಡೆ ಒಂದೇ ಇಟ್ಟಿಗೆಯದು ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ನಗುವಂಥ ಕೆಲಸಗಳನ್ನೂ ಕಾಕಾ ಸಾಕಷ್ಟು ಮಾಡಿದರು. ಮೊದಲಿಗೆ ಬಸ್ಸಿಗೆ ಬಿಸಿಲು ತಾಗಬಾರದೆಂದು ಬೇವಿನ ಗಿಡದ ಕೆಳಗೇ ನಿಲ್ಲಿಸಿ, ಮೇಲೆ ಸೋಲಾರ್ ಹಾಕಿ, ಬ್ಯಾಟರಿ ಯಾಕೆ ತುಂಬುವುದಿಲ್ಲ ಎಂದು ಅಂಗಡಿಯವನ ಜೊತೆ ಫೋನಿನಲ್ಲಿ ಜಗಳ ಮಾಡಿದರು. ಮೊಬೈಲಿನಲ್ಲಿ ಹಿಂದಿ ವಿಡಿಯೊ ಹಚ್ಚಿಕೊಂಡು, ಅರ್ಧ ತಿಳಿದು ಅರ್ಧ ತಿಳಿಯದೆ, "ಲೇ, ಸಾವಕಾಶ ಹೇಳೋ ತಮ್ಮಾ, ಬೆನ್ನ ಹತ್ಯಾರೇನ ನಿನ್ನ?" ಎಂದು ಅದರೊಳಗಿನ ಹುಡುಗನನ್ನು ಬೈಯುತ್ತಿದ್ದರು. ವೈರುಗಳ ಬಣ್ಣವನ್ನು ಅವರು ಸೀರೆಯ ಲೆಕ್ಕದಲ್ಲೇ ಹೇಳುತ್ತಿದ್ದರು. ಕೆಂಪಿಗೆ ಕುಂಕುಮ ಅಂಚು, ಕಪ್ಪಿಗೆ ಚಂದ್ರಕಾಳಿ. ಎರಡು ವೈರು ಕೂಡಿಸಬೇಕಾದರೆ ನೇಕಾರರು ಹಳೆಯ ಹಾಸಿನ ಎಳೆಗೆ ಹೊಸ ಎಳೆ ಹೊಸೆಯುವ ಹಾಗೆ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಿದ್ದರು. "ಈ ಗಂಟ ಬಿಚ್ಚಬೇಕಂದ್ರ ಬ್ರಹ್ಮ ಬರಬೇಕು," ಎಂದು ಹೆಮ್ಮೆಪಡುತ್ತಿದ್ದರು. ಬ್ರಹ್ಮ ಬರಲಿಲ್ಲ, ಬಸ್ಸು ಒಂದು ಗುಂಡಿಗೆ ಬಿದ್ದಾಗ ಅರ್ಧ ಗಂಟು ತಾವೇ ಬಿಚ್ಚಿಕೊಂಡವು. ದೀಪ ಹಚ್ಚಿ ತೋರಿಸುತ್ತೇನೆಂದು ಓಣಿಯ ಹೆಂಗಸರನ್ನೆಲ್ಲ ಕರೆದ ದಿನ ಸ್ವಿಚ್ಚು ಒತ್ತಿದರೆ ದೀಪ ಹತ್ತಲಿಲ್ಲ, ಹಾರ್ನು ಕೂಗಿತು. ನಿಲ್ಲಿಸಲು ಬಾರದೆ ಕಾಕಾ ಬಸ್ಸಿನ ಸುತ್ತ ಓಡಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಹಿಂದೆಯೇ ಅಳು.

ಆದರೂ ಬಿಡಲಿಲ್ಲ. ಸೀಟು ಕಿತ್ತು ಹಿಂದೆ ಮಂಚ ಹಾಕಿದರು. ಮುಂದೆ ಡ್ರೈವರ್ ಸೀಟಿನ ಹಿಂದೆ ಎರಡು ದೊಡ್ಡ ಬ್ಯಾಟರಿ, ಮಂಚದ ತಲೆದಿಂಬಿನ ಕಡೆ ಇನ್ವರ್ಟರು, ನಡುವೆ ಬಸ್ಸಿನ ಉದ್ದಕ್ಕೂ ಮಗ್ಗಕ್ಕೆ ಎಳೆದಿದ್ದ ಹಳೆಯ ವೈರು. ಗಾಡಿ ಓಡುವಾಗ ಇಂಜಿನ್ನು ಈ ಬ್ಯಾಟರಿಗಳನ್ನು ತುಂಬುತ್ತಿತ್ತು, ನಿಂತಾಗ ಬಿಸಿಲು. ಒಂದು ಮಧ್ಯಾಹ್ನ ಕಾಕುವನ್ನು ಕೈ ಹಿಡಿದು ಹತ್ತಿಸಿ, ಮಷೀನು ಹಚ್ಚಿದರು. ಅದು ಗುರ್ರ್ ಎಂದು ಶುರುವಾಯಿತು. ಕಾಕು ಕಿಟಕಿಯ ಪರದೆ ಸರಿಸಿ ನಮ್ಮದೇ ಓಣಿಯನ್ನು, ಬೇರೆ ಯಾವುದೋ ಊರು ನೋಡಿದ ಹಾಗೆ ನೋಡುತ್ತ ಕುಳಿತರು.

ಬ್ಯಾಟರಿಯ ಪಕ್ಕದ ಫ್ಯೂಜು ಮಾತ್ರ ಮತ್ತೆ ಮತ್ತೆ ಹಾರುತ್ತಿತ್ತು. ಪಂಚಮಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಕಾಕಾ ನನ್ನನ್ನು ಕರೆದು ತೋರಿಸಿದರು. ಫ್ಯೂಜಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ, ಚೆಂದವಾಗಿ ಸುತ್ತಿದ್ದು.

"ನೋಡ ತಾಯಿ, ಇನ್ನ ಹಾರಂಗಿಲ್ಲ ಬಿಡು."

"ಛಲೋ ಆತ್ರಿ ಕಾಕಾ," ಎಂದೆ. ನಮ್ಮ ಮನೆಯ ಬೋರ್ಡಿನಲ್ಲೂ ಅಂಥದೇ ಇತ್ತು.

ಆ ವರ್ಷ ಕಾಕು ನನ್ನನ್ನೂ ಜೊತೆಗೆ ಬಾ ಎಂದರು. ನನಗೆ ಅಣ್ಣತಮ್ಮಂದಿರಿಲ್ಲ, ಪಂಚಮಿಗೆ ಯಾರೂ ಕರೆಯಲು ಬರುವುದಿಲ್ಲ ಎನ್ನುವುದು ಅವರಿಗೆ ಗೊತ್ತು. "ನನ್ನ ತವರ ನಿನಗೂ ತವರ, ನಡಿ," ಎಂದರು. ಹೋದೆ. ಮಂಚದ ಮೇಲೆ ಕಾಕು ಹೊಸ ಇಳಕಲ್ ಸೀರೆ ಉಟ್ಟು ರಾಣಿಯ ಹಾಗೆ ಕುಳಿತಿದ್ದರು. ಪಕ್ಕದಲ್ಲಿ ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿ, ಹುರಿದು ಅರಳಿಸಿದ ಜೋಳದ ಅಳ್ಳಿನ ಚೀಲ. ತೊಂದರೆಗೆ ಇರಲೆಂದು ಒಂದು ಸಣ್ಣ ಆಮ್ಲಜನಕದ ಸಿಲಿಂಡರು. ಕಾಕಾ ಪ್ರತಿ ತಿರುವಿಗೂ ಹಾರ್ನು ಹೊಡೆಯುತ್ತ, ಹಿಂದೆ ತಿರುಗಿ, "ಹೆಂಗ ಐತಿ? ಉಸುರು ಹೆಂಗ ಐತಿ?" ಎಂದು ಕೇಳುತ್ತಿದ್ದರು.

"ಮುಂದ ನೋಡಿ ಹೊಡೀರಿ, ನನ್ನ ಉಸುರು ನನ್ನ ಕಡೆನ ಐತಿ," ಎನ್ನುತ್ತಿದ್ದರು ಕಾಕು.

ಜಮಖಂಡಿ ಬಂತು. ಅಲ್ಲಿ ನಮ್ಮ ಬೀಗರ ಮನೆ ದೊಡ್ಡ ರಸ್ತೆಗೇ ಇದೆ. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಧಾನವಾಯಿತು, ಮಂದಿ ಬೆರಳು ಮಾಡಿ ತೋರಿಸತೊಡಗಿದರು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕಿಟಕಿಗೆ ಬೆನ್ನು ತಿರುಗಿಸಿ ಕುಳಿತೆ. ಕಾಕು ನೋಡಿದರು. ಕೈ ಚಾಚಿ ನನ್ನ ಕಡೆಯ ಪರದೆಯನ್ನು ತಾವೇ ಎಳೆದರು.

ಊರು ದಾಟಿ, ಎರಡೂ ಕಡೆ ಆಳೆತ್ತರದ ಕಬ್ಬು ಶುರುವಾದ ಮೇಲೆ ಸುಟ್ಟ ರಬ್ಬರಿನ ವಾಸನೆ ಬಂತು. ಮೊದಲು ಯಾರೋ ಹೊಲದಲ್ಲಿ ಏನೋ ಸುಡುತ್ತಿರಬೇಕು ಎಂದುಕೊಂಡೆ. ಆಮೇಲೆ ಮಂಚದ ಕೆಳಗಿನಿಂದ ಹೊಗೆ ಎದ್ದಿತು. ನಾನು ಚೀರಿದೆ. ಕಾಕಾ ಗಾಡಿ ನಿಲ್ಲಿಸಿ, ಹಿಂದೆ ಬಂದು, ಧೋತರದ ಚುಂಗನ್ನು ಕೈಗೆ ಸುತ್ತಿಕೊಂಡು ಬ್ಯಾಟರಿಯ ವೈರನ್ನು ಕಿತ್ತೆಳೆದರು. ಕೈ ಸುಟ್ಟಿತು. ಹೊಗೆ ನಿಂತಿತು, ಮಷೀನೂ ಪೀಂ ಎಂದು ಒಂದು ಸಲ ಕೂಗಿ ನಿಂತಿತು.

ನಾನು ಸಿಲಿಂಡರಿನ ಕಿವಿ ತಿರುವಿ, ನಳಿಕೆ ಅದಕ್ಕೆ ಸಿಕ್ಕಿಸಿದೆ. ಸಿಲಿಂಡರ್ ಸಣ್ಣದು, ಬಹಳ ಹೊತ್ತು ಬರುವಂಥದ್ದಲ್ಲ. ಮಳೆ ಹನಿಯುತ್ತಿತ್ತು. ಕಾಕು ಬಾಗಿಲ ಹತ್ತಿರ ಕುಳಿತು, ಕಣ್ಣು ಮುಚ್ಚಿ, ಉಸಿರನ್ನು ಜಿಪುಣರ ಹಾಗೆ ಎಳೆದುಕೊಳ್ಳುತ್ತಿದ್ದರು. ನಾನು ಅವರ ಬೆನ್ನು ನೀವುತ್ತ ದೇವರನ್ನು ನೆನೆದೆ. ಬಾಯಿಪಾಠವಾಗಿದ್ದ ರೂಢಿಯೇ ಮನಸ್ಸಿಗೆ ಬಂತು. "ಶಿವಾ, ನಮ್ಮ ಮನ್ಯಾಗ ಯಾರಿಗೂ ಹಿಂಗ ಇಟ್ಟಿಲ್ಲ, ಅದ ನಿನ್ನ ಕೃಪಾ," ಎಂದಿತು ಮನಸ್ಸು. ನನ್ನ ಕೈ ಅವರ ಬೆನ್ನ ಮೇಲಿತ್ತು. ಕೈಯ ಕೆಳಗೆ ಅವರ ಪಕ್ಕೆಲುಬು ಏರಿಳಿಯುತ್ತಿತ್ತು. ಆಗ ನಾನು ಲೆಕ್ಕ ಹಾಕಿದ ಕೃಪೆ ಅದು.

ಕಾಕಾ ಕರೆಂಟಿರುವ ಮನೆ ಹುಡುಕಿಕೊಂಡು ಓಡಿದ್ದರು. ಕಬ್ಬಿನ ಆಚೆ ಒಂದು ತಗಡಿನ ಮನೆ, ಮುಂದೆ ಕುರಿಹಟ್ಟಿ. ಹಿಂದಿರುಗಿ ಬರುವಾಗ ಅವರ ಜೊತೆ ಒಬ್ಬ ಹೆಣ್ಣುಮಗಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರಿಗಿಂತ ಮುಂದೆ ಓಡಿ ಬರುತ್ತಿದ್ದಳು.

"ಕರೆಂಟ್ ಐತೇನವಾ?" ಎಂದು ನಾನು ಕೂಗಿದೆ.

"ಈಗ ಬಂದೈತ್ರಿ. ಎಷ್ಟೊತ್ತ ಇರತೈತೋ ಆ ಬೀರಪ್ಪಗ ಗೊತ್ತು. ಲಗೂನ ಕರಕೊಂಡ ಬರ್ರಿ."

ಮಷೀನನ್ನು ಕಾಕಾ ಹೆಗಲ ಮೇಲೆ ಹೊತ್ತರು. ಕಾಕು ಒಂದು ಕಡೆ ನನ್ನನ್ನು, ಇನ್ನೊಂದು ಕಡೆ ಆಕೆಯನ್ನು ಹಿಡಿದು ಹೆಜ್ಜೆಗೊಮ್ಮೆ ನಿಂತು ನಡೆದರು. ಮನೆಯೊಳಗೆ ಬೀರೇಶ್ವರನ ಫೋಟೊದ ಕೆಳಗೆ ಇದ್ದ ಒಂದೇ ಪ್ಲಗ್ಗಿನಿಂದ ಟಿವಿಯ ವೈರು ಕಿತ್ತು ಆ ತಾಯಿ ನಮ್ಮ ಮಷೀನು ಹಚ್ಚಿದಳು. ಅದು ಗುರ್ರ್ ಎಂದಾಗ ನಾವು ಮೂರೂ ಹೆಂಗಸರು ಕಂಬಳಿಯ ಮೇಲೆ ಕುಸಿದು ಕುಳಿತೆವು. ಕಾಕುವಿನ ತುಟಿಗೆ ಮೆಲ್ಲಗೆ ಬಣ್ಣ ಬಂತು.

"ಎಲ್ಲಿಗೆ ಹೊಂಟಿದ್ರಿ?" ಎಂದಳು ಆಕೆ.

"ತವರಿಗೆ," ಎಂದರು ಕಾಕು. "ಚಿಕ್ಕಪಡಸಲಗಿ ಮಗ್ಗಲಕ."

"ಅಯ್ಯ, ಇನ್ನ ಈಟ ದೂರ ಉಳದಿತ್ತಲ್ಲರಿ! ಇರಲಿ ಬಿಡ್ರಿ. ಪಂಚಮಿ ದಿವಸ ಹೆಣ್ಣಮಗಳು ಬಾಗಲಕ ಬಂದಾಳಂದ್ರ ನಮಗೂ ಆಕಿ ತವರಿಗೆ ಬಂದ್ಹಂಗ."

ಅವರ ಮನೆಯಲ್ಲಿ ಆಗಷ್ಟೇ ಮಣ್ಣಿನ ನಾಗಪ್ಪನಿಗೆ ಹಾಲೆರೆಯಲು ಎಲ್ಲ ಅಣಿಯಾಗಿತ್ತು. ಆಕೆ ಕೊಬ್ಬರಿ ಬಟ್ಟಲನ್ನು ಮೊದಲು ಕಾಕುವಿನ ಕೈಗೇ ಕೊಟ್ಟಳು. ಕಾಕು ಮೂಗಿನ ನಳಿಕೆ ಸರಿಮಾಡಿಕೊಂಡು, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಹನಿ ಎರೆದರು. "ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ಅಣ್ಣನ ಪಾಲು." ಕೊನೆಗೆ "ನಮ್ಮ ಮನಿಯವರ ಪಾಲು," ಎಂದು ಬಾಗಿಲ ಕಡೆ ನೋಡಿದರು. ಮಷೀನು ಇಳಿಸಿಯೇ ಹೊರಗೆ ಹೋಗಿದ್ದ ಕಾಕಾ ಅಲ್ಲಿರಲಿಲ್ಲ. ಕರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ಕಾಕಾ ಬಸ್ಸಿನ ಮೆಟ್ಟಿಲ ಮೇಲೆ ಮಳೆಯಲ್ಲೇ ಕುಳಿತಿದ್ದರು. ಒಂದು ಕೈಗೆ ಧೋತರದ ಚಿಂದಿ ಸುತ್ತಿಕೊಂಡಿದ್ದರು, ಇನ್ನೊಂದು ಕೈಯಲ್ಲಿ ಆ ಫ್ಯೂಜು ಇತ್ತು. ಅದರ ತಂತಿ ಗಟ್ಟಿಯಾಗಿಯೇ ಇತ್ತು. ಸುಟ್ಟುಹೋಗಬೇಕಾದ ತಂತಿ ಸುಟ್ಟಿರಲಿಲ್ಲ, ಅದರ ಬದಲಿಗೆ ಮಂಚದ ಕೆಳಗಿನ ಅಷ್ಟೂ ವೈರು ಸುಟ್ಟಿತ್ತು.

"ಒಳಗ ಬರ್ರಿ ಕಾಕಾ. ಕಾಕು ಆರಾಮ ಅದಾರ."

ಅವರು ತಲೆ ಎತ್ತಲಿಲ್ಲ. "ನಾ ಜನ್ಮಿಡೀ ಹಿಂಗ ಸುತ್ತಿಕೋತ ಬಂದೇನಿ ತಾಯಿ. ಮಗ್ಗ ನಿಂದ್ರಬಾರದು, ಮಗ್ಗ ನಿಂದ್ರಬಾರದು ಅಂತ. ಫ್ಯೂಜ್ ಹಾರಿದರ ಅದು ಸಾಕ ಮಾಡೋ ಅಂತ ಹೇಳತೈತಿ. ಆಕೀನೂ ಹೇಳತಿದ್ಲು. ಕೆಮ್ಮಿ ಕೆಮ್ಮಿ ಹೇಳತಿದ್ಲು. ನಾ ಎರಡಕ್ಕೂ ತಂತಿ ಸುತ್ತಿದೆ."

ಅವರಿಗೆ ಗೊತ್ತಿಲ್ಲದಿದ್ದರೂ ಗೋಡೆಯ ಈಚೆಯಿಂದ ಆ ಕೆಮ್ಮನ್ನು ನಾನೂ ಅಷ್ಟೇ ವರ್ಷ ಕೇಳಿದ್ದೆ. "ಬರ್ರಿ, ತೋಯಸ್ಕೋತೀರಿ," ಎಂದಷ್ಟೇ ಹೇಳಿದೆ.

ಅವರು ಏಳಲಿಲ್ಲ. ಆಗ ಕಾಕು, ಮಷೀನಿನ ನಳಿಕೆ ಎಷ್ಟು ಬರುತ್ತದೋ ಅಷ್ಟು ದೂರ, ಆ ಮನೆಯ ಹೊಸ್ತಿಲ ತನಕ ಬಂದು ನಿಂತರು. ಕೂಗಲು ಅವರಿಗೆ ಶಕ್ತಿಯಿಲ್ಲ. ಮನೆಯಾಕೆಯೇ ಕೂಗಿದಳು. "ಯಜಮಾನ್ರ, ನಿಮ್ಮ ಹಿರ್ಯಾಳ ಕರ್ಯಾಕತ್ತಾಳ!"

ಕಾಕಾ ಕೊನೆಗೂ ಎದ್ದು ಅಂಗಳದ ತನಕ ಬಂದರು.

"ಇಷ್ಟ ದೂರ ತಂದೀರಿ, ಒಳಗ ಬರಾಕೇನಾತು?" ಎಂದರು ಕಾಕು.

"ನಾ ನಿನ್ನ ಕೊಲ್ಲತಿದ್ನೆಲ್ಲ."

"ಕೊಂದಿಲ್ಲಲ್ಲ. ಬರ್ರಿ, ಉಂಡಿ ಐತಿ."

ಕಾಕಾ ಉಂಡಿ ತಿನ್ನುತ್ತ ಚಿಕ್ಕ ಮಕ್ಕಳ ಹಾಗೆ ಅತ್ತರು. ಆ ತಾಯಿ ಕಾಕುವಿಗೂ ನನಗೂ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಒಂದು ಜಂಪರ್ ಖಣ. ಫೋನು ಮಾಡಿದ ಮೇಲೆ ಕಾಕುವಿನ ಅಣ್ಣ ಜಮಖಂಡಿಯಿಂದ ತುಂಬಿದ ಸಿಲಿಂಡರು ತೆಗೆದುಕೊಂಡು ಜೀಪಿನಲ್ಲಿ ಬಂದರು. ಹಳ್ಳಿಯ ಕರೆಂಟನ್ನು ನಂಬಿ ಮುಂದೆ ಹೋಗುವಂತಿರಲಿಲ್ಲ, ತವರು ಮುಟ್ಟುವುದಂತೂ ಆ ವರ್ಷ ಆಗಲಿಲ್ಲ. ಕಾಕು ಮತ್ತು ನಾನು ಜೀಪಿನಲ್ಲಿ ಬನಹಟ್ಟಿಗೆ ತಿರುಗಿ ಬಂದೆವು. ನಮ್ಮ ಹಿಂದೆ ಹಳದಿ ಬಸ್ಸನ್ನು ಟ್ರ್ಯಾಕ್ಟರೊಂದು ಹಗ್ಗ ಕಟ್ಟಿ ಎಳೆದು ತಂದಿತು. ಓಣಿಯ ಕಟ್ಟೆಯವರು ಎದ್ದು ನಿಂತರು.

"ಕಾಕಾ, ರಿಜಲ್ಟ್ ಏನಾತ್ರಿ?"

"ಫೇಲ್," ಎಂದರು ಕಾಕಾ. ಅವತ್ತು ನಗದೆ ಹೇಳಿದರು. ಕಟ್ಟೆಯವರೇ ನಕ್ಕರು.

ಮರುದಿನದಿಂದ ಮತ್ತೆ ಶುರು ಮಾಡಿದರು. ಈ ಸಲ ವಿಡಿಯೊದ ಹುಡುಗನನ್ನು ಬೈಯಲಿಲ್ಲ, ಒಂದೊಂದನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದರು. ಬ್ಯಾಟರಿಯ ಕರೆಂಟು ಹೋಗುವ ವೈರು ಉದ್ದವಾದಷ್ಟೂ, ತೆಳುವಾದಷ್ಟೂ ಕಾದು ದಾರಿಯಲ್ಲೇ ಬಲ ಸೋರಿಸುತ್ತದೆ, ಇನ್ವರ್ಟರು ಇನ್ನೂ ಹೆಚ್ಚು ಎಳೆಯುತ್ತದೆ, ಅದಕ್ಕೇ ಫ್ಯೂಜು ಹಾರುತ್ತಿತ್ತು ಎನ್ನುವುದು ತಿಳಿಯಿತು. ಬ್ಯಾಟರಿಗಳನ್ನು ಹಿಂದೆ ಇನ್ವರ್ಟರಿನ ಮಗ್ಗುಲಿಗೇ ತಂದು ಕೂರಿಸಿದರು. ಮುಧೋಳಕ್ಕೆ ಹೋಗಿ ವೆಲ್ಡಿಂಗ್ ಮಷೀನಿಗೆ ಹಾಕುವ ಹೆಬ್ಬೆರಳು ದಪ್ಪದ ಕೇಬಲ್ಲು ತಂದರು. ಹೊಸೆದ ಗಂಟುಗಳನ್ನೆಲ್ಲ ಕತ್ತರಿಸಿ ಹಾಕಿದರು. ಅಂಗಡಿಯಿಂದ ಸರಿಯಾದ ಫ್ಯೂಜು ತಂದು, ಮಿಕ್ಕಿದ್ದನ್ನು ವಿಭೂತಿಯ ಡಬ್ಬಿಯಲ್ಲಿಟ್ಟರು. "ಇದು ಹಾರಿದರ ಮೊದಲ ಕೈ ಮುಗಿ. ಆಮ್ಯಾಲ ಯಾಕ ಹಾರ್ತು ನೋಡು," ಎಂದು ನನಗೂ ಕಲಿಸಿದರು.

ಅಷ್ಟಕ್ಕೇ ಸುಮ್ಮನಿರದೆ ಓಣಿಯ ಮನೆ ಮನೆಗೆ ಹೋಗಿ, ನಿಮ್ಮ ಮಗ್ಗದ ಫ್ಯೂಜಿನ ದಪ್ಪ ತಂತಿ ತೆಗೆಯಿರಿ, ಕಂಡಿಕೆ ಸುತ್ತುವ ಹೆಂಗಸರಿಗೆ ಮೂಗಿಗೆ ಬಟ್ಟೆ ಕಟ್ಟಿಸಿರಿ, ಕಿಟಕಿ ಇಡಿಸಿರಿ ಎಂದು ಕೈ ಮುಗಿದು ಕೇಳಿದರು. ನಮ್ಮ ಮನೆಗೂ ಬಂದರು. ನಮ್ಮ ಮನೆಯವರು, "ಮಗ್ಗ ನಿಂತರ ನೀವ ಬಂದ ಹೊಟ್ಟಿ ತುಂಬಸ್ತೀರೇನ?" ಎಂದುಬಿಟ್ಟರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಮ್ಮ ಮನೆಯ ಕಂಡಿಕೆ ಸುತ್ತುವವಳು ನಾನೇ. ಕಾಕಾ ನನಗಾಗಿಯೇ ಬಂದಿದ್ದರು. ನಾನು ಹೊರಗೆ ಬರಲಿಲ್ಲ. ಅವರು ಚಹಾ ಕುಡಿಯದೆ, ಯಾವ ಪ್ಲಗ್ಗಿಗೂ ಟೆಸ್ಟರ್ ಚುಚ್ಚದೆ ಹೋದರು.

ಮುಂದಿನ ಪಂಚಮಿಗೆ ಕಾಕು ಮತ್ತೆ ಕರೆದರು. ತಲೆನೋವು ಎಂದು ಹೇಳಿದೆ. ಇಬ್ಬರೇ ಹೋದರು, ತವರು ಮುಟ್ಟಿದರು. ಹೊಳೆಯ ದಂಡೆಗೆ ಬಸ್ಸು ನಿಲ್ಲಿಸಿ, ತುಂಬಿ ಹರಿಯುವ ಕೃಷ್ಣೆಯನ್ನು ಮಂಚದ ಮೇಲಿಂದಲೇ ನೋಡಿದರಂತೆ. 'ಫ್ಯೂಜ್ ಹಾರ್ಲಿಲ್ಲ' ಎಂದು ಕಾಕಾ ಬಂದವರಿಗೆಲ್ಲ ಹೇಳಿ ಹೇಳಿ, ಕೇಳುವವರು ಬೇಸತ್ತರಂತೆ. ದಾರಿಯಲ್ಲಿ ಆ ತಗಡಿನ ಮನೆಯಲ್ಲಿ ಇಳಿದು, ಆ ತಾಯಿಗೆ ಒಂದು ಸೀರೆ ಕೊಟ್ಟು ಬಂದರಂತೆ. ಇದನ್ನೆಲ್ಲ ನನಗೆ ಕಾಕು ಗೋಡೆಯ ಆಚೆಯಿಂದ ಹೇಳಿದರು.

ಕಾಕಾ ಹೋದದ್ದು ಎದೆ ನೋವಿನಿಂದ, ಇದ್ದಕ್ಕಿದ್ದಂತೆ. ಮಷೀನು ಹಚ್ಚಿಕೊಂಡವರು ಉಳಿದರು, ಗಟ್ಟಿಯಾಗಿದ್ದವರು ಹೋದರು. ಮಣ್ಣು ಕೊಡುವ ತನಕ ಓಣಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದರು. ನಾನು ಬಂದ ಮೇಲೆ, ಮಗ್ಗವೂ ಇಲ್ಲದೆ ಹಬ್ಬದ ಗದ್ದಲವೂ ಇಲ್ಲದೆ, ನಮ್ಮ ಓಣಿ ಅಷ್ಟು ಶಾಂತವಾಗಿದ್ದದ್ದು ಅದೇ ಮೊದಲು. ಆ ನಿಶ್ಶಬ್ದದಲ್ಲಿ ಕೆಮ್ಮು ಕೇಳಿಸಿತು. ಒಂದು ಮನೆಯಿಂದಲ್ಲ, ಮನೆ ಮನೆಯಿಂದ, ಹೆಂಗಸರ ಕೆಮ್ಮು. ಮಗ್ಗದ ಸದ್ದಿನಲ್ಲಿ ಇಷ್ಟು ದಿನ ಅದೆಲ್ಲ ಒಟ್ಟಿಗೆ ಯಾರಿಗೂ ಕೇಳಿರಲಿಲ್ಲ. ಅದರಲ್ಲಿ ಒಂದು ನನ್ನದೂ ಇತ್ತು. ಅವತ್ತು ಸಂಜೆ ದೀಪ ಹಚ್ಚಿದೆ. ನೆನೆಸಲು ಏನೂ ಬಾಯಿಗೆ ಬರಲಿಲ್ಲ.

ಈ ವರ್ಷ ಪಂಚಮಿಗೆ ಕಾಕು ಯಾರನ್ನೂ ಏನನ್ನೂ ಕೇಳಲಿಲ್ಲ. ಗೋಡೆಯ ಆಚೆ ಶೇಂಗಾ ಹುರಿಯುವ ವಾಸನೆ ಮಾತ್ರ ಬರುತ್ತಿತ್ತು. ನಮ್ಮ ಮನೆಯವರು ಮಗ್ಗದ ಜೊತೆಗೆ ಸೀರೆಯ ಗಂಟು ಸಾಗಿಸುವ ಟೆಂಪೊವನ್ನೂ ಓಡಿಸುವವರು. ಹಿಂದಿನ ದಿನ ಊಟಕ್ಕೆ ಬಡಿಸುತ್ತ ಕೇಳಿದೆ.

"ನಾಳೆ ಕಾಕುನ ಗಾಡಿ ಹೊಡೀತೀರೇನ್ರಿ?"

"ಆ ಸಾಲಿ ಬಸ್ಸ? ನನಗ ನಾಚಿಕಿ ಬರತೈತಿ."

"ನನಗೂ ಬರತೈತ್ರಿ," ಎಂದೆ. "ಬರಲಿ."

ಅವರು ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟರು. ಆಮೇಲೆ ಎದ್ದು ಹೋಗಿ, ಬೋರ್ಡಿನ ದಪ್ಪ ತಂತಿ ಬಿಚ್ಚಿ ತಂದು ನನ್ನ ಮುಂದೆ ಇಟ್ಟರು. ಬೆಳಿಗ್ಗೆ ಮಗ್ಗಗಳು ಹಬ್ಬದ ರಜೆಯಲ್ಲಿದ್ದವು. ನಾನು ವಿಭೂತಿಯ ಡಬ್ಬಿ ತೆಗೆದು ಫ್ಯೂಜುಗಳನ್ನು ನೋಡಿದೆ, ಕೇಬಲ್ಲಿನ ಮೇಲೆ ಕೈಯಾಡಿಸಿ ನೋಡಿದೆ. ಕಾಕು ಮಂಚದ ಮೇಲೆ ಕುಳಿತರು, ನಮ್ಮ ಮನೆಯವರು ಡ್ರೈವರ್ ಸೀಟು ಹತ್ತಿದರು. ಮಷೀನು ಗುರ್ರ್ ಎಂದಿತು.

ಜಮಖಂಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಧಾನವಾಯಿತು. ಮಂದಿ ಬೆರಳು ಮಾಡಿದರು. ಬೀಗರ ಮನೆಯ ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದಳು, ಕಣ್ಣು ಕಿರಿದು ಮಾಡಿ ಒಳಗೆ ಹಣಕಿ ನೋಡಿದಳು. ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡೆ, ಮುಖದ ಮೇಲೆ ಎಳೆದುಕೊಳ್ಳಲಿಲ್ಲ. ಪರದೆಯನ್ನು ಪೂರಾ ಸರಿಸಿದೆ.

"ಏನಬೇ ಇದು?" ಎಂದು ಆಕೆ ನಗುತ್ತ ಕೂಗಿದಳು. "ಈ ವಯಸ್ಸಿನ್ಯಾಗ ಯಾವ ಇಯತ್ತೆಗೆ ಹೊಂಟೀರಿ?"

ಹಿಂದೆ ಮಂಚದ ಮೇಲೆ ಕಾಕು ನಗಲು ಹೋಗಿ ಕೆಮ್ಮಿದರು, ಕೆಮ್ಮಿ ಮತ್ತೆ ನಕ್ಕರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆಯ ಮಂದಿಗೆಲ್ಲ ಕೇಳುವ ಹಾಗೆ ಹೇಳಿದೆ.

"ಒಂದನೇತ್ತಾ. ಫೇಲ್ ಆಗೇವಿ, ಮತ್ತ ಕೂಡಾಕತ್ತೇವಿ."